ಮನಿ ಪ್ಲಾಂಟ್ ತಿಂದ ಬೆಕ್ಕು, ಬೊಕೆ ಒಳಗಿನ ಲಿಲಿ

ಇವತ್ತಿನ ಎಪಿಸೋಡ್ ಬೆಕ್ಕು ಸಾಕಿರೋರಿಗೆ, ಬೆಕ್ಕು ಸಾಕ್ಬೇಕು ಅಂತ ಯೋಚನೆ ಮಾಡ್ತಿರೋರಿಗೆ, ಮತ್ತೆ ಬೆಕ್ಕಿರೋ ಮನೆಗೆ ಹೂವು ತಗೊಂಡು ಹೋಗೋರಿಗೆ. ಈ ಮೂರನೇ ಗುಂಪು ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಹೇಳ್ತೀನಿ.

ಬೆಕ್ಕಿನ ಬಗ್ಗೆ ಮಾತಾಡಿದಾಗೆಲ್ಲ ನನಗೆ ಬರೋ ಪ್ರಶ್ನೆ ಒಂದೇ. "ನಮ್ಮ ಬೆಕ್ಕು ಮನಿ ಪ್ಲಾಂಟ್ ಎಲೆ ಕಚ್ಚಿಬಿಡ್ತು, ಬಾಯಲ್ಲಿ ಜೊಲ್ಲು ಸುರೀತಿದೆ, ಸತ್ತೋಗುತ್ತಾ?" ರಾತ್ರಿ ಹನ್ನೊಂದು ಗಂಟೆಗೆ, ಹಿಂದೆ ಬೆಕ್ಕು ಅರಚೋ ಶಬ್ದದ ಜೊತೆ ವಾಯ್ಸ್ ನೋಟ್ ಬರುತ್ತೆ. ನಾನು ಬಿ.ಕಾಂ. ಮಾಡಿದ ಮನುಷ್ಯ, ಪಶುವೈದ್ಯ ಅಲ್ಲ. ಅದಕ್ಕೆ ಮೊದಲು ಹೇಳೋದು ಡಾಕ್ಟರಿಗೆ ಫೋನ್ ಮಾಡಿ ಅಂತಾನೇ. ಆದ್ರೂ ಯಾವ ಗಿಡಕ್ಕೆ ಎಷ್ಟು ಹೆದರಬೇಕು ಅನ್ನೋ ಲೆಕ್ಕ ಗೊತ್ತಿದ್ರೆ ಆ ರಾತ್ರಿ ಹನ್ನೊಂದು ಗಂಟೆ ಸ್ವಲ್ಪ ಬೇರೆ ಥರ ಇರುತ್ತೆ. ಎಲ್ಲಾ ಗಿಡಕ್ಕೂ ಒಂದೇ ಸಮ ಹೆದರೋದು, ಯಾವುದಕ್ಕೂ ಹೆದರದೇ ಇರೋದು, ಎರಡೂ ನಷ್ಟದ ವ್ಯವಹಾರ.

ಮನಿ ಪ್ಲಾಂಟಿಂದಾನೇ ಶುರು ಮಾಡೋಣ, ಯಾಕಂದ್ರೆ ಅದಿಲ್ಲದ ಮನೆ ಬೆಂಗಳೂರಲ್ಲಿ ಹುಡುಕಬೇಕು. ನೀವು ಕರಾವಳಿ ಅಥವಾ ಮಲೆನಾಡಿನ ಕಡೆಯವರಾದ್ರೆ ಈ ವಿಷ ನಿಮಗೆ ಆಗಲೇ ಪರಿಚಯ. ಪತ್ರೊಡೆ ಮಾಡುವಾಗ ಕೆಸುವಿನ ಎಲೆಗೆ ಹುಣಸೆಹುಳಿ ಸಾಕಷ್ಟು ಹಾಕದೇ ಇದ್ರೆ ಏನಾಗುತ್ತೆ? ನಾಲಿಗೆ, ಗಂಟಲೆಲ್ಲ ತುರಿಸುತ್ತೆ. ಸುವರ್ಣಗೆಡ್ಡೆ ಹೆಚ್ಚುವಾಗ ಅಮ್ಮ ಕೈಗೆ ಎಣ್ಣೆ ಹಚ್ಕೊಳ್ತಾರಲ್ಲ, ಅದೂ ಇದಕ್ಕೇ. ಕೆಸು, ಸುವರ್ಣಗೆಡ್ಡೆ, ಮನಿ ಪ್ಲಾಂಟ್, ಎಲ್ಲಾ ಒಂದೇ ಕುಟುಂಬದ ಗಿಡಗಳು. ಇವುಗಳ ಜೀವಕೋಶದ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋ ವಸ್ತು ಸಣ್ಣ ಸಣ್ಣ ಸೂಜಿಗಳ ಕಟ್ಟಿನ ಹಾಗೆ ಇರುತ್ತೆ. ಎಲೆ ಜಗಿದ ತಕ್ಷಣ ಆ ಸೂಜಿಗಳು ಬಾಯಿಯ ಚರ್ಮಕ್ಕೆ ಚುಚ್ಕೊಳ್ತವೆ. ನಮಗೆ ಕೆಸು ತುರಿಸಿದ್ರೆ ಬಾಯಿ ಬಿಟ್ಟು ಬೈತೀವಿ. ಬೆಕ್ಕು ಪಾಪ ಏನು ಮಾಡುತ್ತೆ? ಜೊಲ್ಲು ಸುರಿಸುತ್ತೆ, ಮುಂಗಾಲಿಂದ ಬಾಯಿ ಉಜ್ಜುತ್ತೆ, ತಲೆ ಕೊಡವುತ್ತೆ, ಒಮ್ಮೊಮ್ಮೆ ವಾಂತಿ, ಸ್ವಲ್ಪ ಹೊತ್ತು ಊಟದ ಹತ್ರ ಹೋಗಲ್ಲ.

ನೋಡೋಕೆ ತುಂಬಾ ಭಯ ಆಗುತ್ತೆ. ಆದ್ರೆ ಸಾಮಾನ್ಯವಾಗಿ ಇದು ಜೀವಕ್ಕೆ ಬರೋದಲ್ಲ. ಮೊದಲ ಕಚ್ಚಿಗೇ ಉರಿಯೋದ್ರಿಂದ ಬೆಕ್ಕು ಹೆಚ್ಚು ತಿನ್ನೋದೂ ಇಲ್ಲ. ಬಾಯಲ್ಲಿ ಎಲೆ ಚೂರು ಉಳಿದಿದ್ರೆ ಮೆಲ್ಲಗೆ ತೆಗೀರಿ, ಒದ್ದೆ ಬಟ್ಟೆಯಿಂದ ಒರೆಸಿ, ಕುಡಿಯೋಕೆ ನೀರಿಡಿ, ಡಾಕ್ಟರಿಗೆ ತಿಳಿಸಿ. ನಾಲಿಗೆ ಊದಿಕೊಂಡ್ರೆ, ಉಸಿರಾಡೋಕೆ ಕಷ್ಟಪಟ್ರೆ ಫೋನ್ ಮಾಡ್ತಾ ಕೂರಬೇಡಿ, ಕರ್ಕೊಂಡು ಓಡಿ. ಇದೇ ಕುಟುಂಬದಲ್ಲಿ ಡಿಫೆನ್‌ಬಾಕಿಯಾ ಅಂತ ಒಂದಿದೆ. ಅಗಲ ಎಲೆ, ಹಸಿರಿನ ಮೇಲೆ ಬಿಳಿ ಚುಕ್ಕಿ, ಆಫೀಸುಗಳ ಲಿಫ್ಟ್ ಪಕ್ಕ ಇಟ್ಟಿರ್ತಾರೆ. ಅದರ ಉರಿ ಮನಿ ಪ್ಲಾಂಟಿಗಿಂತ ಜೋರು. ಇಂಗ್ಲಿಷಲ್ಲಿ ಅದಕ್ಕೆ 'ಡಂಬ್ ಕೇನ್' ಅಂತ ಹೆಸರು ಬಂದಿರೋದೇ ಜಗಿದವರ ನಾಲಿಗೆ ಊದಿ ಮಾತು ನಿಂತುಹೋಗುತ್ತೆ ಅಂತ. ಇನ್‌ಸ್ಟಾಗ್ರಾಂನಲ್ಲಿ ಎಲ್ಲರ ಮನೇಲೂ ಕಾಣೋ ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಸಿಂಗೋನಿಯಂ, ಅಗ್ಲೊನಿಮಾ, ಪೀಸ್ ಲಿಲಿ, ಎಲ್ಲಾ ಈ ಕೆಸುವಿನ ಸಂಬಂಧಿಕರೇ.

ಪೀಸ್ ಲಿಲಿ ಅಂದೆ ಅಲ್ವಾ. ಇಲ್ಲೇ ಸ್ವಲ್ಪ ನಿಲ್ಲಬೇಕು. ಈ ಎಪಿಸೋಡಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನ ಇಟ್ಕೊಳ್ಳಿ. ಪೀಸ್ ಲಿಲಿ ಹೆಸರಿಗೆ ಮಾತ್ರ ಲಿಲಿ. ಅದು ಬಾಯಿ ಉರಿಸುತ್ತೆ ಅಷ್ಟೆ. ನಿಜವಾದ ಲಿಲಿ ಬೇರೆ. ಬೊಕೆಗಳಲ್ಲಿ ದೊಡ್ಡದಾಗಿ, ಗುಲಾಬಿ, ಬಿಳಿ, ಕೇಸರಿ ಬಣ್ಣದಲ್ಲಿ, ಆರು ದಳ ಬಿಚ್ಕೊಂಡು, ಮಧ್ಯದಲ್ಲಿ ಕಂದು ಅಥವಾ ಕಿತ್ತಳೆ ಬಣ್ಣದ ಪುಡಿ ಹೊತ್ತ ಕಡ್ಡಿಗಳು ನಿಂತಿರ್ತವಲ್ಲ, ಓರಿಯೆಂಟಲ್ ಲಿಲಿ, ಏಷ್ಯಾಟಿಕ್ ಲಿಲಿ ಅಂತ ಮಾರ್ತಾರಲ್ಲ, ಅದು. ಸಸ್ಯಶಾಸ್ತ್ರದ ಹೆಸರು ಲಿಲಿಯಂ. ಅದರ ಜೊತೆ ಡೇ ಲಿಲಿ, ಅಂದ್ರೆ ಹೆಮೆರೊಕ್ಯಾಲಿಸ್. ಈ ಎರಡು ಬೆಕ್ಕಿನ ಕಿಡ್ನಿಯನ್ನ ಹಾಳು ಮಾಡ್ತವೆ. ಎಲೆ, ದಳ, ಕಾಂಡ, ಪರಾಗ, ಎಲ್ಲದರಲ್ಲೂ ವಿಷ. ಹೂದಾನಿಯಲ್ಲಿ ಉಳಿದ ನೀರು ಕುಡಿದ್ರೂ ಅಪಾಯ. ಒಂದೆರಡು ಎಲೆ ಕಚ್ಚಿದ್ರೆ ಸಾಕು. ತಿನ್ನಲೇಬೇಕು ಅಂತಾನೂ ಇಲ್ಲ. ಬೆಕ್ಕು ಹೂವಿಗೆ ಮೈ ಸವರಿಕೊಂಡು ಹೋಯ್ತು, ಪರಾಗದ ಪುಡಿ ಕೂದಲಿಗೆ ಅಂಟ್ತು, ಆಮೇಲೆ ಅದು ದಿನಾ ಮಾಡೋ ಹಾಗೆ ಮೈ ನೆಕ್ಕಿಕೊಳ್ತು. ಅಷ್ಟೇ, ವಿಷ ಒಳಗೆ ಹೋದ ಹಾಗೆ.

ಲಿಲಿಯಲ್ಲಿ ಯಾವ ರಾಸಾಯನಿಕದಿಂದ ಹೀಗಾಗುತ್ತೆ ಅನ್ನೋದನ್ನ ವಿಜ್ಞಾನಿಗಳು ಇನ್ನೂ ಗುರುತಿಸಿಲ್ಲ. ನಾಯಿ ಅದೇ ಲಿಲಿ ತಿಂದ್ರೆ ಹೊಟ್ಟೆ ಕೆಡುತ್ತೆ, ಕಿಡ್ನಿ ಹೋಗಲ್ಲ. ಅದಕ್ಕೇ ನಾಯಿ ಸಾಕಿದವರು ಕೊಡೋ ಸಲಹೆಯನ್ನ ಬೆಕ್ಕಿಗೆ ಅನ್ವಯಿಸಬೇಡಿ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಬ್ಲಾಕಲ್ಲಿ ಒಬ್ಬರು ಅಕ್ಕ ಇದ್ದಾರೆ. ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಒಂದು ಶನಿವಾರ ಅವರ ವೆಡ್ಡಿಂಗ್ ಆನಿವರ್ಸರಿ, ಬಂದವರು ಯಾರೋ ಬೊಕೆ ಕೊಟ್ರು. ಪುಟ್ಟಿ, ಅವರ ಬೆಕ್ಕು, ಮೂಗಿನ ಮೇಲೆ ಕಿತ್ತಳೆ ಪುಡಿ ಮೆತ್ಕೊಂಡು ಬಂದು ಕೂತಿದೆ. ಎಲ್ಲರೂ ನಕ್ಕು ಫೋಟೊ ತೆಗೆದು ಸ್ಟೇಟಸ್ ಹಾಕಿದ್ರು. ನಾನೂ ಆ ಸ್ಟೇಟಸ್ ನೋಡಿದ್ದೆ. ಭಾನುವಾರ ಬೆಳಿಗ್ಗೆ ಎರಡು ಸಲ ವಾಂತಿ. ಬೆಕ್ಕು ವಾಂತಿ ಮಾಡೋದು ಹೊಸದಲ್ವಲ್ಲ, ಕೂದಲುಂಡೆ ಇರ್ಬೇಕು ಅಂದ್ಕೊಂಡ್ರು. ಸಂಜೆ ಹೊತ್ತಿಗೆ ವಾಂತಿ ನಿಂತಿತ್ತು, ಸರಿಹೋಯ್ತು ಅಂತ ಎಲ್ಲರಿಗೂ ಸಮಾಧಾನ. ಸೋಮವಾರ ಊಟ ಮುಟ್ಟಲಿಲ್ಲ, ಬಟ್ಟಲು ಬಟ್ಟಲು ನೀರು ಕುಡೀತಿತ್ತು. ರಾತ್ರಿ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡ್ಕೊಂಡು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಲಿಲಿ ಇತ್ತಾ ಮೇಡಂ?" ಅಕ್ಕ ಇಲ್ಲ ಅಂದ್ರಂತೆ. ಅವರ ಪಾಲಿಗೆ ಅದು ಬೊಕೆ, ಅದರಲ್ಲಿ ಏನೇನು ಹೂವಿತ್ತು ಅಂತ ಯಾರು ನೋಡ್ತಾರೆ? ಆಮೇಲೆ ಸ್ಟೇಟಸ್ ಫೋಟೊ ತೋರಿಸಿದಾಗಲೇ ಗೊತ್ತಾಗಿದ್ದು. ಡ್ರಿಪ್ ಹಾಕಿದ್ರು. ಬುಧವಾರ ಪುಟ್ಟಿ ಹೋಯ್ತು.

ಈ ಕತೆಯಲ್ಲಿ ತುಂಬಾ ಮೋಸದ ಭಾಗ ಅಂದ್ರೆ ಆ ಭಾನುವಾರ ಸಂಜೆ. ಲಿಲಿ ವಿಷ ನಡೆಯೋದೇ ಹಾಗೆ. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಜೊಲ್ಲು, ಮಂಕು. ಆಮೇಲೆ ಚೇತರಿಸಿಕೊಂಡ ಹಾಗೆ ಕಾಣುತ್ತೆ. ಒಳಗೆ ಕಿಡ್ನಿ ಕೆಡ್ತಾ ಇರುತ್ತೆ. 24ರಿಂದ 72 ಗಂಟೆ ಒಳಗೆ ಪೂರ್ತಿ ಕೈಕೊಡುತ್ತೆ. ಚಿಕಿತ್ಸೆ ಇದೆ, ಇಲ್ಲ ಅಂತಲ್ಲ. ಹೊಟ್ಟೆಯಲ್ಲಿರೋದನ್ನ ಹೊರಗೆ ತೆಗೆಸ್ತಾರೆ, ಎರಡು ಮೂರು ದಿನ ಬಿಡದೆ ಡ್ರಿಪ್ ಕೊಡ್ತಾರೆ. ಆದ್ರೆ ಅದು ಬೇಗ ಶುರುವಾಗಬೇಕು. 18 ಗಂಟೆ ದಾಟಿದ ಮೇಲೆ ಉಳಿಯೋ ಸಾಧ್ಯತೆ ತುಂಬಾ ಕಡಿಮೆ ಅಂತ ಪಶುವೈದ್ಯರು ಹೇಳ್ತಾರೆ. ಅಂದ್ರೆ ಲಿಲಿ ವಿಷಯದಲ್ಲಿ 'ಲಕ್ಷಣ ಕಾಣಲಿ, ಆಮೇಲೆ ನೋಡೋಣ' ಅನ್ನೋ ಆಯ್ಕೇನೇ ಇಲ್ಲ. ಮೂಗಿನ ಮೇಲೆ ಪರಾಗ ಕಂಡ್ರೆ ಸಾಕು, ಬೆಕ್ಕು ಕುಣಿದಾಡ್ತಾ ಇದ್ರೂ ಸರಿ, ಒದ್ದೆ ಬಟ್ಟೆಯಲ್ಲಿ ಪುಡಿ ಒರೆಸಿ, ನೆಕ್ಕಿಕೊಳ್ಳೋಕೆ ಬಿಡದೆ ಹೊರಡಿ.

ಈಗ ಮೂರನೇ ಗುಂಪಿನವರಿಗೆ. ಬೆಕ್ಕಿರೋ ಮನೆಗೆ ಹೋಗುವಾಗ ಬೊಕೆಯಲ್ಲಿ ಲಿಲಿ ಬೇಡ. ಆನ್‌ಲೈನ್ ಆರ್ಡರ್ ಮಾಡುವಾಗ ಕೊನೇಲಿ ಒಂದು ಮೆಸೇಜ್ ಬಾಕ್ಸ್ ಇರುತ್ತಲ್ಲ, 'ಲಿಲಿ ಹಾಕಬೇಡಿ, ಮನೇಲಿ ಬೆಕ್ಕಿದೆ' ಅಂತ ಬರೀರಿ. ಕೆಲವು ಅಂಗಡಿಯವರು ಪರಾಗದ ಕಡ್ಡಿ ಕತ್ತರಿಸಿ ಕೊಡ್ತಾರೆ. ಅದು ಬಟ್ಟೆಗೆ ಕಲೆ ಆಗದೇ ಇರ್ಲಿ ಅಂತ. ದಳ, ಎಲೆ ಎಲ್ಲ ಹಾಗೇ ಇರುತ್ತಲ್ಲ, ಬೆಕ್ಕಿಗೆ ಅದರಿಂದ ರಕ್ಷಣೆ ಇಲ್ಲ. ಗುಲಾಬಿ, ಜರ್ಬೆರಾ ಕೊಡಿ, ಚೆನ್ನಾಗೇ ಇರುತ್ತೆ.

ಹೆಸರಿನ ಗೊಂದಲ ಇನ್ನೂ ಇದೆ. ನರ್ಸರಿಗಳಲ್ಲಿ ಸಿಕ್ಕಿದ್ದಕ್ಕೆಲ್ಲ ಲಿಲಿ ಅಂತಾರೆ. ಮಳೆ ಬಂದ ಮಾರನೇ ದಿನ ಕುಂಡದ ತುಂಬಾ ಅರಳೋ ರೈನ್ ಲಿಲಿ, ಮೇ ತಿಂಗಳಲ್ಲಿ ಕೆಂಪು ಚೆಂಡಿನ ಹಾಗೆ ಬರೋ ಫೈರ್‌ಬಾಲ್ ಲಿಲಿ, ಇವು ಲಿಲಿಯಂ ಅಲ್ಲ, ಕಿಡ್ನಿಗೆ ಹೊಡೆಯಲ್ಲ, ಆದ್ರೆ ಗೆಡ್ಡೆಯಲ್ಲಿ ವಾಂತಿ-ಭೇದಿ ಮಾಡಿಸೋ ವಿಷ ಇದೆ. ಕ್ಯಾನಾ ಲಿಲಿ, ನಮ್ಮ ಕಾಬಾಳೆ, ಅದರಿಂದ ತೊಂದರೆ ಇಲ್ಲ. ಗ್ಲೋರಿ ಲಿಲಿ ಅಂದ್ರೆ ಅಗ್ನಿಶಿಖೆ, ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಹಬ್ಬುತ್ತಲ್ಲ, ಅದು ಬೆಕ್ಕಿಗೆ ಮಾತ್ರ ಅಲ್ಲ, ಮನುಷ್ಯರಿಗೂ ಘೋರ ವಿಷ. ಸುಗಂಧರಾಜವನ್ನ ಕೆಲವರು ಲಿಲಿ ಅಂದ್ಕೊಂಡಿದ್ದಾರೆ, ಅದು ಲಿಲಿಯಂ ಅಲ್ಲ. 'ಪಾಮ್' ಅನ್ನೋ ಹೆಸರಲ್ಲೂ ಇದೇ ಕತೆ. ಅರೆಕಾ ಪಾಮ್ ಬೆಕ್ಕು ಎಷ್ಟು ಕಚ್ಚಿದ್ರೂ ವಿಷ ಇಲ್ಲ. ಸೇಗೋ ಪಾಮ್, ಅಂದ್ರೆ ಸೈಕಸ್, ವಿಲ್ಲಾಗಳ ಗೇಟಿನ ಎರಡೂ ಕಡೆ ಶೋಗೆ ನೆಟ್ಟಿರ್ತಾರಲ್ಲ, ಅದು ಪಾಮೇ ಅಲ್ಲ. ಲಿವರ್ ಹಾಳು ಮಾಡುತ್ತೆ, ಬೀಜದಲ್ಲಂತೂ ವಿಷ ಅತಿ ಹೆಚ್ಚು. ಅದಕ್ಕೇ ಗಿಡ ಕೊಳ್ಳುವಾಗ ಸಸ್ಯಶಾಸ್ತ್ರದ ಹೆಸರು ಕೇಳಿ. ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿ ಸಾಲಲ್ಲಿ ನಾನು ಹೀಗೆ ಕೇಳಿದಾಗ ಒಬ್ಬ ಅಣ್ಣ "ಹೆಸರು ತಗೊಂಡು ಏನ್ಮಾಡ್ತೀರಾ, ಗಿಡ ತಗೊಳ್ಳಿ" ಅಂದ್ರು. ನಗು ಬಂತು, ಆದ್ರೂ ಬಿಡಲಿಲ್ಲ.

ನಮ್ಮ ಮನೆಗಳ ಹಳೇ ಗಿಡಗಳ ಬಗ್ಗೆ ಇಂಗ್ಲಿಷ್ ವಿಡಿಯೋಗಳಲ್ಲಿ ಹೆಚ್ಚು ಸಿಗಲ್ಲ. ದೊಡ್ಡಪತ್ರೆ ತಗೊಳ್ಳಿ. ಮಗೂಗೆ ಶೀತ ಆದ್ರೆ ರಸ ಹಿಂಡಿ ಕೊಡ್ತೀವಿ, ತಂಬುಳಿ ಮಾಡ್ತೀವಿ. ನಮ್ಮಜ್ಜಿಗೆ ಇದನ್ನ ಹೇಳಿದಾಗ "ಮಗೂಗೆ ಆಗೋದು ಬೆಕ್ಕಿಗೆ ಆಗಲ್ವೇನೋ?" ಅಂತ ಕೇಳಿದ್ರು. ಆಗಲ್ಲ ಅಜ್ಜಿ. ಅಮೆರಿಕದ ಎಎಸ್‌ಪಿಸಿಎ ಅನ್ನೋ ಪ್ರಾಣಿ ಸಂಸ್ಥೆ ಬೆಕ್ಕಿಗೆ ವಿಷವಾದ ಗಿಡಗಳ ಪಟ್ಟಿ ಇಟ್ಟಿದೆ, ಅದರಲ್ಲಿ ದೊಡ್ಡಪತ್ರೆಯೂ ಇದೆ. ವಾಂತಿ, ಭೇದಿ ಆಗುತ್ತೆ. ಲೋಳೆಸರವೂ ಹಾಗೇ. ಸೇವಂತಿಗೆ ಕೂಡ ಹೊಟ್ಟೆ ಕೆಡಿಸುತ್ತೆ. ಕಾಡುಬಸಳೆ ಇದೆಯಲ್ಲ, ಕಿಡ್ನಿ ಕಲ್ಲಿಗೆ ಅಂತ ಜನ ಎಲೆ ತಿಂತಾರಲ್ಲ, ಅದು ಮತ್ತು ಅದರ ನೆಂಟ ಕಲಾಂಚೊ, ಇವೆರಡರಲ್ಲೂ ಹೃದಯದ ಬಡಿತ ಏರುಪೇರು ಮಾಡೋ ಅಂಶ ಇದೆ. ಕಣಗಿಲೆಯಲ್ಲಿ ಅದು ಇನ್ನೂ ಉಗ್ರ. ಬಿಳಿ, ಕೆಂಪು, ಹಳದಿ, ಯಾವ ಕಣಗಿಲೆಯೂ ಬೇಡ. ಪೂಜೆಗೆ ತಂದ್ರೆ ಬುಟ್ಟಿಯನ್ನ ನೆಲದ ಮೇಲೆ ಬಿಡಬೇಡಿ, ಬಾಡಿದ ಹೂವನ್ನ ಬಾಲ್ಕನಿ ಕುಂಡಕ್ಕೆ ಗೊಬ್ಬರ ಅಂತ ಹಾಕಬೇಡಿ. ಸ್ನೇಕ್ ಪ್ಲಾಂಟ್, ಜೇಡ್ ಇವು ವಾಂತಿ ಮಟ್ಟದ ತೊಂದರೆ.

ಹಾಗಾದ್ರೆ ಬೆಕ್ಕು ಮಾಂಸ ತಿನ್ನೋ ಪ್ರಾಣಿ, ಎಲೆ ಯಾಕೆ ಕಚ್ಚುತ್ತೆ? 'ಹೊಟ್ಟೆ ಸರಿ ಇಲ್ಲ, ವಾಂತಿ ಮಾಡೋಕೆ ಹುಲ್ಲು ತಿನ್ನುತ್ತೆ' ಅನ್ನೋದು ನಾವೆಲ್ಲ ಕೇಳಿರೋ ಮಾತು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಬೆಕ್ಕು ಸಾಕಿದವರನ್ನ ಕೇಳಿ ನೋಡಿದ್ರು. ಹೆಚ್ಚಿನ ಬೆಕ್ಕುಗಳು ಗಿಡ ತಿಂತವೆ, ತಿನ್ನೋ ಮುಂಚೆ ಬಹುಪಾಲು ಆರೋಗ್ಯವಾಗೇ ಇರ್ತವೆ, ತಿಂದ ಮೇಲೆ ಪದೇ ಪದೇ ವಾಂತಿ ಮಾಡೋವು ಕಡಿಮೆ. ಅವರ ಊಹೆ ಏನಂದ್ರೆ, ಕಾಡಲ್ಲಿದ್ದ ಪೂರ್ವಜರು ಕರುಳಿನ ಹುಳ ಹೊರಗೆ ಹಾಕೋಕೆ ಹುಲ್ಲು ತಿಂತಿದ್ವು, ಆ ಅಭ್ಯಾಸ ರಕ್ತದಲ್ಲಿ ಉಳ್ಕೊಂಡಿದೆ ಅಂತ. ಅಂದ್ರೆ ಎಲೆ ಕಚ್ಚೋದು ನಿಮ್ಮ ಬೆಕ್ಕಿನ ತಂಟೆ ಅಲ್ಲ, ಹುಟ್ಟುಗುಣ. ಬೈದು ಬಿಡಿಸೋಕಾಗಲ್ಲ.

ಬಿಡಿಸೋಕಾಗಲ್ಲ ಅಂದ್ಮೇಲೆ ಬೇರೆ ಏನಾದ್ರೂ ಕೊಡಬೇಕು. ಎಲ್ಲಕ್ಕಿಂತ ಸುಲಭ, ಗೋಧಿ. ಅಂಗಡಿಯಲ್ಲಿ 'ಕ್ಯಾಟ್ ಗ್ರಾಸ್ ಕಿಟ್' ಅಂತ ಡಬ್ಬಿಯಲ್ಲಿ ಮಾರೋದರ ಒಳಗೂ ಸಾಮಾನ್ಯವಾಗಿ ಇರೋದು ಗೋಧಿ, ಓಟ್ಸ್, ಬಾರ್ಲಿಯಂಥ ಬೀಜಾನೇ. ಒಂದು ಹಿಡಿ ಇಡೀ ಗೋಧಿಯನ್ನ ರಾತ್ರಿ ನೆನೆಹಾಕಿ, ಅಗಲದ ಟ್ರೇನಲ್ಲಿ ಎರಡು ಬೆರಳು ಮಣ್ಣು ಹರಡಿ ಉದುರಿಸಿ. ವಾರ, ಹತ್ತು ದಿನಕ್ಕೆ ಕಚ್ಚೋ ಎತ್ತರಕ್ಕೆ ಬರುತ್ತೆ. ಹಳದಿಯಾದ್ರೆ ಎಸೆದು ಮತ್ತೆ ಹಾಕಿ. ಎರಡು ಟ್ರೇ ಒಂದು ವಾರದ ಅಂತರದಲ್ಲಿ ಹಾಕಿದ್ರೆ ಯಾವಾಗ್ಲೂ ಒಂದು ರೆಡಿ ಇರುತ್ತೆ. ಗೋಧಿ ಇಲ್ಲ ಅಂತ ಜೋಳ ಮಾತ್ರ ಹಾಕಬೇಡಿ. ಎಳೇ ಜೋಳದ ಪೈರಲ್ಲಿ ಸೈನೈಡ್ ಬಿಡುಗಡೆ ಮಾಡೋ ಅಂಶ ಇರುತ್ತೆ, ಅದನ್ನ ಮೇಯ್ದು ದನ ಸಾಯೋದು ಉತ್ತರ ಕರ್ನಾಟಕದ ರೈತರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ತಮಾಷೆ ಗಿಡ ಇದೆ, ಕುಪ್ಪಿಗಿಡ. ಖಾಲಿ ಸೈಟಲ್ಲಿ ತಾನಾಗೇ ಬೆಳೆಯುತ್ತೆ. ಅದರ ಬೇರು ಕಿತ್ತಿಟ್ರೆ ಬೆಕ್ಕುಗಳು ಬಂದು ಹೊರಳಾಡ್ತವೆ, ನೆಕ್ಕುತ್ತವೆ, ನಶೆ ಏರಿದ ಹಾಗೆ ಆಡ್ತವೆ. ರೀಲ್ಸ್‌ನಲ್ಲಿ ನೋಡಿರ್ತೀರಿ. ನಾನಂತೂ ನಮ್ಮ ಬೆಕ್ಕಿಗೆ ಕೊಡಲ್ಲ. ಕೆಲವು ಮನುಷ್ಯರಿಗೆ ಆ ಗಿಡ ತಿಂದು ರಕ್ತದ ಕೆಂಪು ಕಣ ಒಡೆದುಹೋದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಬೆಕ್ಕಿಗೆ ಇಷ್ಟ ಆಗೋದು ಬೇರೆ, ಒಳ್ಳೇದಾಗೋದು ಬೇರೆ. ಬೊಕೆಯ ಲಿಲಿಯನ್ನೂ ಅದು ಇಷ್ಟಪಟ್ಟೇ ಕಚ್ಚುತ್ತೆ.

ಮನೆ ತುಂಬಾ ಗಿಡ ಬೇಕು ಅನ್ನೋರಿಗೆ ನಿರಾಸೆ ಆಗೋದು ಬೇಡ. ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಅರೆಕಾ ಪಾಮ್, ಕ್ಯಾಲತಿಯಾ, ಹಾವರ್ಥಿಯಾ, ಆಫ್ರಿಕನ್ ವಯಲೆಟ್, ಗುಲಾಬಿ, ನಮ್ಮ ಮಲ್ಲಿಗೆ, ಇವೆಲ್ಲ ವಿಷ ಇಲ್ಲದವು. ಸ್ಪೈಡರ್ ಪ್ಲಾಂಟ್ ಅಂದ್ರೆ ಬೆಕ್ಕುಗಳಿಗೆ ಪ್ರಾಣ, ಬೋಳು ಮಾಡಿ ಬಿಡ್ತವೆ. ಹೆಚ್ಚು ತಿಂದ್ರೆ ಒಂದು ಸಲ ಕಕ್ಕಬಹುದು, ಅಷ್ಟೆ. ಆದ್ರೆ ಗಿಡ ನಿರಪಾಯ ಆದ್ರೂ ಅದಕ್ಕೆ ಹೊಡೆದ ಔಷಧಿ ನಿರಪಾಯ ಅಲ್ಲ. ಪರ್ಮೆಥ್ರಿನ್ ಇರೋ ಕೀಟನಾಶಕ ಬೆಕ್ಕಿನ ನರಗಳಿಗೆ ವಿಷ. ನಾಯಿಯ ಉಣ್ಣೆಗೆ ಹಾಕೋ ಕೆಲವು ಔಷಧಿಗಳಲ್ಲೂ ಅದೇ ಇರುತ್ತೆ, ಎರಡೂ ಸಾಕಿರೋರು ಲೇಬಲ್ ಓದಿ. ನರ್ಸರಿಯಿಂದ ತಂದ ಗಿಡಕ್ಕೆ ಏನು ಹೊಡೆದಿದ್ದಾರೋ ಗೊತ್ತಿರಲ್ಲ, ಎಲೆ ಚೆನ್ನಾಗಿ ತೊಳೆದು ಕೆಲವು ವಾರ ಬೆಕ್ಕಿಗೆ ಸಿಗದ ಕಡೆ ಇಡಿ.

'ಮೇಲೆ ನೇತು ಹಾಕ್ತೀನಿ' ಅಂತಾರೆ ಎಲ್ಲರೂ. ಫ್ರಿಜ್ ಮೇಲೆ ಹತ್ತೋ ಪ್ರಾಣಿಗೆ ಅದು ಆಟದ ಸಾಮಾನು. ಒಣಗಿದ ಎಲೆ ಕೆಳಗೆ ಬೀಳುತ್ತೆ ಬೇರೆ. ಬಾಯಿ ಉರಿಸೋ ಮಟ್ಟದ ಗಿಡವನ್ನ ಬೇಕಿದ್ರೆ ಬಾಗಿಲು ಮುಚ್ಚೋ ರೂಮಲ್ಲೋ ಪಾರಿವಾಳದ ನೆಟ್ ಹಾಕಿದ ಬಾಲ್ಕನಿಯ ಆಚೆ ಬದಿಯಲ್ಲೋ ಇಟ್ಕೊಳ್ಳಿ. ಲಿಲಿ, ಸೈಕಸ್, ಕಣಗಿಲೆ ಮಾತ್ರ ಎಲ್ಲೂ ಬೇಡ, ಯಾರಿಗಾದ್ರೂ ಬೆಕ್ಕಿಲ್ಲದವರಿಗೆ ಕೊಟ್ಟುಬಿಡಿ. ಖಾರದ ಪುಡಿ ಉದುರಿಸೋ ಉಪಾಯ ಬೇಡವೇ ಬೇಡ, ಅದು ಕಾಲಿಗಂಟಿ ಕಣ್ಣಿಗೆ ಹೋಗುತ್ತೆ.

ಕೊನೇದಾಗಿ, ತಿಂದೇಬಿಡ್ತು ಅಂದ್ರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಹೈಡ್ರೋಜನ್ ಪೆರಾಕ್ಸೈಡ್ ಕೊಡಬೇಡಿ. ನಾಯಿಗೆ ಹೇಳೋ ಉಪಾಯ ಬೆಕ್ಕಿನ ಹೊಟ್ಟೆಯನ್ನ ಸುಡುತ್ತೆ. ನೋವಾಗ್ತಿದೆ ಪಾಪ ಅಂತ ಡೋಲೋ, ಕ್ರೋಸಿನ್ ಕೊಡಲೇಬೇಡಿ, ಪ್ಯಾರಾಸಿಟಮಾಲ್ ಜೀರ್ಣಿಸೋ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಒಂದು ಮಾತ್ರೆ ಸಾಕು ಸಾಯೋಕೆ. ಗಿಡದ ಫೋಟೊ ತೆಗೀರಿ, ಕಚ್ಚಿದ ಎಲೆಯ ತುಂಡನ್ನ ಕವರಿಗೆ ಹಾಕ್ಕೊಳ್ಳಿ, ಎಷ್ಟು ಗಂಟೆಗೆ ತಿಂತು ಅಂತ ಬರ್ಕೊಳ್ಳಿ. ವಾಂತಿಯಲ್ಲಿ ಎಲೆ ಬಂದಿದ್ರೆ ಅದರ ಫೋಟೊ ಕೂಡ. ಡಾಕ್ಟರಿಗೆ "ಏನೋ ಗಿಡ ತಿಂದಿದೆ" ಅನ್ನೋದಕ್ಕೂ "ರಾತ್ರಿ ಎಂಟಕ್ಕೆ ಲಿಲಿಯಂ ಎಲೆ ತಿಂದಿದೆ" ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಈಗಲೇ, ಈ ಎಪಿಸೋಡ್ ಮುಗಿದ ಕೂಡಲೇ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ನಿಮ್ಮ ಏರಿಯಾದಲ್ಲಿ ರಾತ್ರಿ ತೆರೆದಿರೋ ಪಶುವೈದ್ಯರ ಕ್ಲಿನಿಕ್ ಯಾವುದು ಅಂತ ಹುಡುಕಿ, ಮ್ಯಾಪಲ್ಲಿ '24 ಗಂಟೆ' ಅಂತ ತೋರಿಸಿದ್ರೂ ನಂಬದೆ ಒಂದು ಫೋನ್ ಮಾಡಿ, ರಾತ್ರಿ ಡಾಕ್ಟರ್ ಇರ್ತಾರಾ, ಬೆಕ್ಕಿಗೆ ಡ್ರಿಪ್ ಹಾಕಿ ಅಡ್ಮಿಟ್ ಮಾಡ್ಕೊಳ್ತೀರಾ ಅಂತ ಕೇಳಿ. ಹೌದು ಅಂದ್ರೆ ಆ ನಂಬರನ್ನ 'ಬೆಕ್ಕು ಎಮರ್ಜೆನ್ಸಿ' ಅಂತ ಸೇವ್ ಮಾಡಿ, ಮನೆಯಲ್ಲಿರೋ ಎಲ್ಲರ ಫೋನಿಗೂ ಕಳಿಸಿ. ಅಮ್ಮನ ಫೋನಿಗೆ ಮೊದಲು ಕಳಿಸಿ, ಹಗಲೆಲ್ಲ ಬೆಕ್ಕಿನ ಜೊತೆ ಮನೇಲಿರೋದು ಅವರೇ.